ಬಾಡಿಗೆಗೆಂದು ಫ್ಲ್ಯಾಟ್ ಕೊಳ್ಳುವ ಮುನ್ನ

ಬೆಂಗಳೂರಿನಲ್ಲಿ ಬಾಡಿಗೆ ಆದಾಯಕ್ಕೆಂದು ಮೊದಲ ಫ್ಲ್ಯಾಟ್ ಕೊಳ್ಳುವವರು ದಲ್ಲಾಳಿಯ ಲೆಕ್ಕವನ್ನು ಬದಿಗಿಟ್ಟು ತಾವೇ ಕಾಗದ ಹಿಡಿದು ಕೂರಬೇಕು. 80 ಲಕ್ಷದ ಮನೆಗೆ ತಿಂಗಳಿಗೆ 25,000 ರೂಪಾಯಿ ಬಂದರೆ ವರ್ಷಕ್ಕೆ 3 ಲಕ್ಷ, ಅಂದರೆ ಶೇ. 3.75. ಒಂದು ತಿಂಗಳು ಖಾಲಿ ಬಿದ್ದು, ಆಸ್ತಿ ತೆರಿಗೆ, ಸುಣ್ಣಬಣ್ಣ, ನಲ್ಲಿ ರಿಪೇರಿಗಳನ್ನೂ ಕಳೆದರೆ ಶೇ. 3 ಉಳಿಯುವುದೂ ಕಷ್ಟ. ಗೃಹಸಾಲದ ಬಡ್ಡಿ ಇದರ ಎರಡು ಪಟ್ಟಿಗಿಂತ ಹೆಚ್ಚು! ಬಾಡಿಗೆಯಲ್ಲೇ ಕಂತು ತೀರುತ್ತದೆ ಎನ್ನುವವರನ್ನು ನಂಬಬೇಡಿ.

ಇ-ಖಾತೆ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ), ಋಣಭಾರ ಪ್ರಮಾಣಪತ್ರ (ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳ ಪಟ್ಟಿ) ನೋಡದೆ ಮುಂಗಡ ಕೊಡಬೇಡಿ. ಬಿ-ಖಾತೆ ಮನೆ (ಅನುಮೋದನೆಗಳು ಪೂರ್ತಿ ಸರಿಯಿಲ್ಲದ ಆಸ್ತಿ) ಅಗ್ಗವೇನೋ ಹೌದು, ಆದರೆ ಅದಕ್ಕೆ ಸಾಲ ಕೊಡಲು ಅನೇಕ ಬ್ಯಾಂಕುಗಳು ಹಿಂಜರಿಯುತ್ತವೆ. ಒಂದು ಸಮಾಧಾನವಿದೆ: ಆದಾಯ ತೆರಿಗೆ ಲೆಕ್ಕ ಹಾಕುವಾಗ, ಬಾಡಿಗೆಯಿಂದ ಆಸ್ತಿ ತೆರಿಗೆ ಕಳೆದು ಉಳಿದ ಮೊತ್ತದ ಶೇ. 30ರಷ್ಟನ್ನು ಖರ್ಚಿನ ರಸೀದಿಯಿಲ್ಲದೆಯೇ ಕಳೆಯಬಹುದು.