ಅಪಘಾತದ ನಂತರದ ಮರುಮದುವೆ: ನಾನು ಅನುಸರಿಸಿದ ಕ್ರಮ

ಸಂಗಾತಿ ಕಾಯಿಲೆಯಿಂದ ಹೋದರೆ ಮಾತಾಡಿಕೊಳ್ಳಲು ಸ್ವಲ್ಪವಾದರೂ ಸಮಯ ಸಿಗುತ್ತದೆ. ಪಾಸ್‌ಬುಕ್ ಎಲ್ಲಿದೆ ಎಂಬುದರಿಂದ ಹಿಡಿದು ‘ಒಂಟಿಯಾಗಿ ಇರಬೇಡ’ ಎಂಬುದರ ತನಕ ಹೇಳಿ ಹೋಗುವವರಿದ್ದಾರೆ. ರಸ್ತೆ ಅಪಘಾತದಲ್ಲಿ ಅದಕ್ಕೆ ಅವಕಾಶವೇ ಇಲ್ಲ. ಹಾಗಾಗಿ ಹೊಸ ಸಂಬಂಧಕ್ಕೆ ಮುಂಚೆ ಕಾಗದಪತ್ರ ಮತ್ತು ಭಯ, ಎರಡನ್ನೂ ಒಂದು ಹದಕ್ಕೆ ತರಬೇಕು. ನಾನು ಕಾಗದದಿಂದ ಶುರು ಮಾಡಿದೆ; ಭಯಕ್ಕಿಂತ ಅದು ವಾಸಿ, ತಾಲ್ಲೂಕು ಕಚೇರಿಯಾದರೂ ಸಂಜೆಗೆ ಬಾಗಿಲು ಹಾಕುತ್ತದೆ.

‘ಮರುಮದುವೆಯಾದರೆ ಗಂಡನ ಆಸ್ತಿ ಕೈತಪ್ಪುತ್ತದೆ’ ಎಂದು ಹೆದರಿಸುವವರು ಈಗಲೂ ಇದ್ದಾರೆ. ಆ ಮಾತಿನ ಬೇರು 1856ರ ಹಿಂದೂ ವಿಧವಾ ಪುನರ್ವಿವಾಹ ಕಾಯ್ದೆಯಲ್ಲಿದೆ; ಆ ಕಾಯ್ದೆ 1983ರಲ್ಲೇ ರದ್ದಾಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಗಂಡ ತೀರಿಕೊಂಡ ದಿನವೇ ಹೆಂಡತಿಯ ಪಾಲು ಅವಳದಾಗುತ್ತದೆ, ಆಮೇಲೆ ಅವಳು ಮದುವೆಯಾದರೂ ಅದು ವಾಪಸ್ ಹೋಗದು. ಕಾನೂನು ಹೀಗಿದ್ದರೂ ವ್ಯವಹಾರ ಬೇರೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಜಮೀನಿದ್ದರೆ ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು), ಇಷ್ಟನ್ನು ಮದುವೆಗೆ ಮೊದಲೇ ಮುಗಿಸಿಕೊಳ್ಳಿ. ಹೊಸ ಸಂಬಂಧದ ಸುದ್ದಿ ಹೊರಬಿದ್ದ ಮೇಲೆ ಮೈದುನ, ನಾದಿನಿಯರ ಸಹಿ ಹಾಕಿಸುವುದು ಕಷ್ಟ. ಮಕ್ಕಳಿಲ್ಲದ ಹೆಂಗಸರಿಗೆ ಇನ್ನೊಂದು ಎಚ್ಚರಿಕೆ: ಗಂಡನಿಂದ ಬಂದ ಆಸ್ತಿಗೆ ಉಯಿಲು ಬರೆಯದೇ ತೀರಿಕೊಂಡರೆ ಇದೇ ಉತ್ತರಾಧಿಕಾರ ಕಾಯ್ದೆಯ ಸೆಕ್ಷನ್ 15(2) ಪ್ರಕಾರ ಅದು ಮೊದಲ ಗಂಡನ ವಾರಸುದಾರರಿಗೆ ಹೋಗುತ್ತದೆ, ಎರಡನೆಯವರಿಗಲ್ಲ.

ನಿಜವಾಗಿ ನಿಲ್ಲುವುದು ಪಿಂಚಣಿ. ಪಿಎಫ್ ಜೊತೆಗಿರುವ ನೌಕರರ ಪಿಂಚಣಿ ಯೋಜನೆ, ಅಂದರೆ ಇಪಿಎಸ್ 1995ರ ವಿಧವಾ ಪಿಂಚಣಿ ಮರುಮದುವೆಯೊಂದಿಗೆ ಕೊನೆಗೊಳ್ಳುತ್ತದೆ. ಮಕ್ಕಳ ಪಿಂಚಣಿಗೆ 25 ವರ್ಷದವರೆಗೆ ಅವಕಾಶವಿದೆ. ರಾಜ್ಯದ ವಿಧವಾ ವೇತನವೂ ನಿಲ್ಲುತ್ತದೆ. ಕೇಂದ್ರ ಸರ್ಕಾರಿ ನೌಕರನ ಮಕ್ಕಳಿಲ್ಲದ ಪತ್ನಿಗೆ ಮಾತ್ರ, ಆದಾಯದ ಮಿತಿಯೊಳಗೆ, ಕುಟುಂಬ ಪಿಂಚಣಿ ಮುಂದುವರಿಯುತ್ತದೆ. ಮದುವೆಯಾದದ್ದನ್ನು ಮುಚ್ಚಿಟ್ಟು ಹಣ ಪಡೆಯುತ್ತಾ ಹೋದರೆ ಮುಂದೊಂದು ದಿನ ವಸೂಲಿ ನೋಟಿಸ್ ಬರುತ್ತದೆ, ಅದೂ ಹೊಸ ಮನೆಯ ವಿಳಾಸಕ್ಕೆ. ಮೋಟಾರು ಅಪಘಾತ ಪರಿಹಾರದ ವಿಷಯ ಹಾಗಲ್ಲ. ಹೆಂಡತಿ ಮತ್ತೆ ಮದುವೆಯಾದಳೆಂಬ ಕಾರಣಕ್ಕೆ ಪರಿಹಾರ ತಪ್ಪಿಸಲಾಗದು ಎಂದು ಬಾಂಬೆ ಹೈಕೋರ್ಟ್ 2023ರಲ್ಲಿ ಹೇಳಿದೆ. ಆದ್ದರಿಂದ ‘ಕೇಸ್ ಮುಗಿಯಲಿ, ಆಮೇಲೆ ನೋಡೋಣ’ ಎಂದು ವರ್ಷಗಟ್ಟಲೆ ಕಾಯುವ ಅಗತ್ಯವಿಲ್ಲ.

ಪ್ರವಾಹ, ಭೂಕುಸಿತದಲ್ಲಿ ದೇಹವೇ ಸಿಗದವರ ಪಾಡು ಬೇರೆ. ಏಳು ವರ್ಷ ಸುದ್ದಿಯಿಲ್ಲದಿದ್ದರೆ ಸತ್ತರೆಂದು ಕಾನೂನು ಊಹಿಸುತ್ತದೆ. ಆದರೆ ಆ ಊಹೆಯೊಂದನ್ನೇ ನಂಬಿ ತಾಳಿ ಕಟ್ಟಿಸಿಕೊಳ್ಳಬೇಡಿ; ಹಿಂದೂ ವಿವಾಹ ಕಾಯ್ದೆಯ 13(1)(vii) ಅಡಿ ಕೌಟುಂಬಿಕ ನ್ಯಾಯಾಲಯದಿಂದ ವಿಚ್ಛೇದನದ ಡಿಕ್ರಿ ತೆಗೆದುಕೊಳ್ಳಿ.

ಸಂಬಂಧ ಹುಡುಕುವಾಗ ಪ್ರೊಫೈಲಿನಲ್ಲಿ ‘ಪತಿ ಅಪಘಾತದಲ್ಲಿ ನಿಧನ, ಒಂದು ಮಗು’ ಎಂದಷ್ಟೇ ಬರೆದೆ. ಪರಿಹಾರ, ವಿಮೆ, ಮನೆಯ ವಿಷಯ ಅಲ್ಲಿ ಬೇಡ. ಆ ಮೊತ್ತವನ್ನು ಹುಡುಕಿಕೊಂಡೇ ಬರುವವರಿದ್ದಾರೆ. ‘ಮಕ್ಕಳಿಗೆ ತಾಯಿ ಬೇಕು’ ಎಂದು ಬರೆದುಕೊಳ್ಳುವ ವಿಧುರರಿಂದಲೂ ದೂರವಿದ್ದೆ. ಅವರಿಗೆ ಬೇಕಿರುವುದು ಸಂಬಳವಿಲ್ಲದ ಆಯಾ. ಮೊದಲ ಭೇಟಿಯಲ್ಲೇ ತೀರಿಕೊಂಡವರ ಹೆಸರು ಹಿಡಿದು ಮಾತಾಡುವುದು ನನ್ನ ಪರೀಕ್ಷೆಯಾಗಿತ್ತು. ಆ ಹೆಸರು ಕೇಳಿ ಎದುರಿಗಿದ್ದವರು ಮಾತು ತಿರುಗಿಸಿದರೆ, ಮದುವೆಯ ನಂತರ ಗೋಡೆಯ ಫೋಟೊ ಬೀರುವಿಗೆ ಹೋಗುತ್ತದೆ, ಆ ಕಡೆಯ ಅಜ್ಜಿ ತಾತಂದಿರ ಫೋನ್ ಕರೆಯೂ ಹಬ್ಬಕ್ಕೊಂದಾಗುತ್ತದೆ. ಅದೇ ಹೆಸರನ್ನು ಅವರು ತಾವಾಗಿ ಎರಡನೇ ಸಲ ಎತ್ತಿದರೆ ಮುಂದಿನ ಮಾತಿಗೆ ಅರ್ಥವಿದೆ.

ಇನ್ನು ಭಯ. ಹಠಾತ್ತಾಗಿ ಒಬ್ಬರನ್ನು ಕಳೆದುಕೊಂಡವರಿಗೆ ಪ್ರೀತಿಯ ಜೊತೆಗೇ ಅದೂ ಬರುತ್ತದೆ. ಸಂಬಂಧ ಇನ್ನೂ ಸಡಿಲವಾಗಿದ್ದಾಗ ಗೊತ್ತಾಗುವುದಿಲ್ಲ; ಮನಸ್ಸು ಒಪ್ಪಿದ ವಾರದಿಂದಲೇ ಫೋನ್ ಎತ್ತದಿದ್ದರೆ ಕೈ ನಡುಗಲು ಶುರು. ‘ಚಿಂತೆ ಮಾಡಬೇಡ’ ಎಂಬ ಮಾತಿನಿಂದ ಇದು ಹೋಗುವುದಿಲ್ಲ. ಕೆಲಸಕ್ಕೆ ಬಂದದ್ದು ಒಂದು ಕಟ್ಟುನಿಟ್ಟಿನ ಒಪ್ಪಂದ: ಹೊರಡುವಾಗ ಒಂದು ಮೆಸೇಜ್, ತಲುಪಿದ ಮೇಲೆ ಒಂದು, ಗಾಡಿ ಓಡಿಸುವಾಗ ಫೋನ್ ಮುಟ್ಟುವಂತಿಲ್ಲ. ಮೂರನೆಯದೇ ಮುಖ್ಯ. ಓಡಿಸುತ್ತಲೇ ಕರೆ ಎತ್ತುವವರು ಒಂದು ದಿನ ಎತ್ತದಿದ್ದರೆ ಜೀವ ಬಾಯಿಗೆ ಬರುತ್ತದೆ. ಎತ್ತುವುದೇ ಇಲ್ಲ ಎಂದು ಮೊದಲೇ ಗೊತ್ತಿದ್ದರೆ ಮೌನಕ್ಕೆ ಕಾರಣ ಹುಡುಕಬೇಕಾಗಿಲ್ಲ. ಹಾಗೆಂದು ಲೈವ್ ಲೊಕೇಶನ್ ಹಾಕಿಸಬೇಡಿ. ಚುಕ್ಕಿ ಸಿಗ್ನಲ್‌ನಲ್ಲಿ ನಿಂತಾಗಲೆಲ್ಲ ಪರದೆ ನೋಡುವ ಚಟ ಹತ್ತುತ್ತದೆ, ಭಯ ಬೆಳೆಯುತ್ತದೆ.

ಸಂತೋಷವಾಗಿ ಕಳೆದ ದಿನದ ಮಾರನೆಯ ಬೆಳಿಗ್ಗೆ ಹಳೆಯ ದುಃಖ ಇದ್ದಕ್ಕಿದ್ದಂತೆ ಒತ್ತರಿಸಿ ಬಂದರೆ, ‘ಈ ಸಂಬಂಧವೇ ತಪ್ಪು’ ಎಂದು ಓದಿಕೊಳ್ಳುವವರು ಬಹಳ. ಅದು ದುಃಖದ ಸಹಜ ನಡಿಗೆ. ಶೋಕದಲ್ಲಿರುವ ಮನಸ್ಸು ಕಳೆದುಕೊಂಡದ್ದರ ಕಡೆಗೂ ಹೊಸ ಬದುಕಿನ ಕಡೆಗೂ ಓಲಾಡುತ್ತಲೇ ಇರುತ್ತದೆ ಎಂದು ಮನಶ್ಶಾಸ್ತ್ರಜ್ಞರಾದ ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ 1999ರಲ್ಲೇ ವಿವರಿಸಿದ್ದಾರೆ. ಆರು ತಿಂಗಳು ದಾಟಿಯೂ ಆ ಓಲಾಟವೇ ಇಲ್ಲದೆ, ಹಂಬಲ ಒಂದೇ ಇಡೀ ದಿನವನ್ನು ನುಂಗುತ್ತಿದ್ದರೆ, ಅಡುಗೆ, ಕೆಲಸ ಎಲ್ಲ ನಿಂತಿದ್ದರೆ ಹುಡುಕಾಟ ನಿಲ್ಲಿಸಿ ಆಪ್ತಸಮಾಲೋಚಕರನ್ನು ಕಾಣಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ವರ್ಷಾಬ್ದಿಕ, ಮಹಾಲಯ ಅಮಾವಾಸ್ಯೆ, ತೀರಿಕೊಂಡವರ ಹುಟ್ಟುಹಬ್ಬ, ಈ ದಿನಗಳನ್ನು ಹೊಸ ಕ್ಯಾಲೆಂಡರಿನಲ್ಲಿ ಬಹಿರಂಗವಾಗಿ ಗುರುತು ಹಾಕಿ. ಹೊಸ ಸಂಗಾತಿ ಎಡೆ ಇಡಬೇಕಾಗಿಲ್ಲ. ಆ ದಿನ ಸಿನಿಮಾ ಟಿಕೆಟ್ ತರದಿದ್ದರೆ ಸಾಕು.

ಮಗುವಿಗೆ ಪರಿಚಯಿಸುವಾಗ ಮೊದಲ ಭೇಟಿಗಳು ಪಾರ್ಕಿನಲ್ಲಿ, ಗಂಟೆಯೊಳಗೆ, ಉಡುಗೊರೆಯಿಲ್ಲದೆ ಆಗಲಿ. ‘ಅಪ್ಪ ಅನ್ನು’ ಎಂದು ಯಾರೂ ಹೇಳಕೂಡದು, ಅದರಲ್ಲೂ ಚಿಕ್ಕಮ್ಮಂದಿರು. ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರು ಬದಲಾಗಬೇಕಿಲ್ಲ. ತಾಯಿ ಮರುಮದುವೆಯಾದರೂ ಸಹಜ ಪೋಷಕಿಯಾಗಿಯೇ ಇರುತ್ತಾಳೆ. ಮಲತಂದೆ ಸಹಜ ಪೋಷಕನಲ್ಲ. ಅತ್ತೆ ಮಾವನಿಗೆ ವಿಷಯ ತಿಳಿಸಲು ನಾನೇ ಹೋದೆ, ಮೂರನೆಯವರ ಬಾಯಿಂದ ತಲುಪಲು ಬಿಡಲಿಲ್ಲ. ಮೊಮ್ಮಗು ಯಾವ ರಜೆಯಲ್ಲಿ ಅವರಲ್ಲಿಗೆ ಬರುತ್ತದೆ ಎಂಬುದನ್ನು ಆ ಮಾತಿನಲ್ಲೇ ಗೊತ್ತುಮಾಡಿದರೆ ಅರ್ಧ ಅಸಮಾಧಾನ ಅಲ್ಲೇ ಕರಗುತ್ತದೆ.

ಮದುವೆಯ ನೋಂದಣಿಗೆ ಹಳೆಯ ಸಂಗಾತಿಯ ಮರಣ ಪ್ರಮಾಣಪತ್ರ ಬೇಕು. ಅದರಲ್ಲಿನ ಹೆಸರಿಗೂ ಆಧಾರ್, ಮೊದಲ ಮದುವೆಯ ದಾಖಲೆಗಳಿಗೂ ಇನಿಷಿಯಲ್ ವ್ಯತ್ಯಾಸವಿದ್ದರೆ ಅರ್ಜಿ ನಿಲ್ಲಬಹುದು. ತಿದ್ದುಪಡಿಯನ್ನು ಮರಣ ನೋಂದಣಿಯಾದ ಊರಿನಲ್ಲೇ ಮಾಡಿಸಬೇಕು. ವಿಶೇಷ ವಿವಾಹ ಕಾಯ್ದೆ 1954ರ ಅಡಿ ಮದುವೆಯಾದರೆ 30 ದಿನಗಳ ನೋಟಿಸ್, ಮೂವರು ಸಾಕ್ಷಿಗಳು ಬೇಕು.

ಮದುವೆಯಾದ ವಾರದಲ್ಲೇ ಬ್ಯಾಂಕ್, ವಿಮೆ, ಪಿಎಫ್ ನಾಮಿನಿಗಳನ್ನು ಹೊಸದಾಗಿ ಬರೆಸಿ. ಹಿಂದೂಗಳ ಹಳೆಯ ಉಯಿಲು ಮದುವೆಯಿಂದ ತಾನಾಗಿ ರದ್ದಾಗುವುದಿಲ್ಲ, ಕ್ರೈಸ್ತರದ್ದು ರದ್ದಾಗುತ್ತದೆ. ದತ್ತು ಪಡೆಯದ ಹೊರತು ಮಲಮಕ್ಕಳು ಮಲತಂದೆಯ ಆಸ್ತಿಗೆ ಮಕ್ಕಳಂತೆ ವಾರಸುದಾರರಲ್ಲ. ಇಬ್ಬರಿಗೂ ಮೊದಲ ಮದುವೆಯ ಮಕ್ಕಳಿದ್ದರೆ ಇಬ್ಬರೂ ಬೇರೆ ಬೇರೆ ಉಯಿಲು ಬರೆದು, ಒಬ್ಬರದ್ದನ್ನು ಇನ್ನೊಬ್ಬರು ಓದಿ ನೋಡಿಕೊಳ್ಳಿ.