ಸರಾಸರಿ ದರದ ಸೂತ್ರವನ್ನು ಕಡತಕ್ಕೆ ಇಳಿಸಿದ ಬಗೆ

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ವ್ಯಾಪಾರ ನಡೆಸುವ ದಲಾಲಿ ಅಂಗಡಿಯೊಂದರ ಅಂಕಿಅಂಶಗಳನ್ನು ಹುಬ್ಬಳ್ಳಿಯ ಮನೆಯಿಂದ ನೋಡಿಕೊಳ್ಳುವ ನನಗೆ, ಒಂದೇ ದಿನದ ಡಬ್ಬಿ ಮೆಣಸಿನಕಾಯಿಗೆ ಎರಡು ಸರಾಸರಿ ದರಗಳು ಬಂದಾಗ ನಮ್ಮ ಎಕ್ಸೆಲ್ ಪದ್ಧತಿಯ ಮೇಲಿದ್ದ ನಂಬಿಕೆ ಹೋಯಿತು. ಅಂಗಡಿಯ ಲೆಕ್ಕ ಬರೆಯುವ ದಿವಾನಜಿಯವರು ಲಾಟುಗಳ ದರ ಕೂಡಿಸಿ ಲಾಟುಗಳ ಸಂಖ್ಯೆಯಿಂದ ಭಾಗಿಸಿದ್ದರು. ನಾನು ತೂಕವನ್ನೂ ಲೆಕ್ಕಕ್ಕೆ ಹಿಡಿದಿದ್ದೆ. 10 ಕ್ವಿಂಟಲ್ 20,000 ರೂಪಾಯಿಯಂತೆ, 40 ಕ್ವಿಂಟಲ್ 12,000 ರೂಪಾಯಿಯಂತೆ ಮಾರಾಟವಾದರೆ ಅವರ ಸರಾಸರಿ 16,000, ನನ್ನದು 13,600. ಇಬ್ಬರ ಗಣಿತವೂ ಸರಿಯಾಗಿತ್ತು. ಅಂಗಡಿಯ ಮಟ್ಟಿಗೆ ಸರಾಸರಿ ಎಂದರೆ ಯಾವುದು ಎಂಬುದು ಮಾತ್ರ ಎಲ್ಲಿಯೂ ಬರೆದಿರಲಿಲ್ಲ.

ಅದನ್ನು ಬರೆದಿಡಲು ನಾನು ಆರಿಸಿಕೊಂಡದ್ದು ಡಿಬಿಟಿ. ನಮ್ಮ ಕಡೆ ಡಿಬಿಟಿ ಎಂದೊಡನೆ ರೈತರ ಖಾತೆಗೆ ನೇರವಾಗಿ ಜಮೆಯಾಗುವ ಹಣವೇ ನೆನಪಾಗುತ್ತದೆ. ಇದು ಡೇಟಾ ಬಿಲ್ಡ್ ಟೂಲ್, ಕಚ್ಚಾ ದತ್ತಾಂಶದಿಂದ ವರದಿಯ ಕೋಷ್ಟಕಗಳನ್ನು ಕಟ್ಟಲು ಟರ್ಮಿನಲ್‌ನಲ್ಲಿ ಆಜ್ಞೆ ಬರೆದು ನಡೆಸುವ ಸಾಧನ. ದತ್ತಾಂಶವನ್ನು ಡಕ್‌ಡಿಬಿ ಎಂಬ ಡೇಟಾಬೇಸಿನಲ್ಲಿ ಇಟ್ಟೆ. ಅದಕ್ಕೆ ಪ್ರತ್ಯೇಕ ಸರ್ವರ್ ಬೇಡ, ಲ್ಯಾಪ್‌ಟಾಪಿನ ಒಂದು ಕಡತ ಸಾಕು. ಪ್ರತಿ ಕೋಷ್ಟಕಕ್ಕೆ ಒಂದು ಎಸ್‌ಕ್ಯುಎಲ್ (ಡೇಟಾಬೇಸಿಗೆ ಪ್ರಶ್ನೆ ಕೇಳುವ ಭಾಷೆ) ಕಡತ ಬರೆದು, ಒಂದು ಇನ್ನೊಂದನ್ನು ಬಳಸುವಲ್ಲಿ 'ರೆಫ್' ಎಂದು ಸೂಚಿಸಿದರೆ ಯಾವುದನ್ನು ಮೊದಲು ಕಟ್ಟಬೇಕೆಂದು ಸಾಧನವೇ ನಿರ್ಧರಿಸುತ್ತದೆ. ದಿವಾನಜಿಯವರೊಡನೆ ಕುಳಿತು, ಮೊತ್ತವನ್ನು ತೂಕದಿಂದ ಭಾಗಿಸಿ ಬರುವುದೇ ಸರಾಸರಿ ಎಂದು ಒಪ್ಪಿ, ಆ ಸೂತ್ರವನ್ನು ಒಂದೇ ಒಂದು ಕಡತದಲ್ಲಿ ಬರೆದು, ಕಾರಣದ ಸಮೇತ, ಕಡತಗಳ ಬದಲಾವಣೆಗಳ ಇತಿಹಾಸವನ್ನು ಇಡುವ ಗಿಟ್‌ನಲ್ಲಿ ದಾಖಲಿಸಿದೆ.

ನನಗೆ ಹೆಚ್ಚು ಕಲಿಸಿದ್ದು, ದತ್ತಾಂಶ ಸರಿಯಿದೆಯೇ ಎಂದು ಡಿಬಿಟಿ ನಡೆಸುವ ಪರೀಕ್ಷೆಗಳು. ತಳಿಯ ಅಂಕಣದಲ್ಲಿ ಕಡ್ಡಿ, ಡಬ್ಬಿ, ಗುಂಟೂರು ಎಂಬ ಮೂರೇ ಹೆಸರುಗಳಿರಬೇಕೆಂದು 'ಅಕ್ಸೆಪ್ಟೆಡ್ ವ್ಯಾಲ್ಯೂಸ್' ಪರೀಕ್ಷೆ ಹಾಕಿದ್ದೆ, ಅದು ತಪ್ಪು ಕಾಗುಣಿತಗಳನ್ನು ಹಿಡಿಯಿತು ಕೂಡ. ಆದರೂ ತಳಿವಾರು ತೂಕಗಳ ಮೊತ್ತವು ದಿನದ ಒಟ್ಟು ತೂಕಕ್ಕೆ ತಾಳೆಯಾಗಲಿಲ್ಲ. ಒಂದು ಸಂಜೆಯೆಲ್ಲ ಹುಡುಕಿದ ಮೇಲೆ ತಿಳಿದದ್ದೇನೆಂದರೆ, ತಳಿಯನ್ನೇ ಬರೆಯದೆ ಬಿಟ್ಟ ಸಾಲುಗಳನ್ನು ಆ ಪರೀಕ್ಷೆ ಲೆಕ್ಕಿಸುವುದೇ ಇಲ್ಲ. ಎಸ್‌ಕ್ಯುಎಲ್‌ನಲ್ಲಿ ಖಾಲಿ ಮೌಲ್ಯವನ್ನು ಪಟ್ಟಿಯೊಡನೆ ಹೋಲಿಸಿದಾಗ ಹೌದು ಎಂದಾಗಲಿ ಅಲ್ಲ ಎಂದಾಗಲಿ ಉತ್ತರ ಬರುವುದಿಲ್ಲ. ಅಂಕಣ ಖಾಲಿ ಇರಬಾರದೆಂದು ನೋಡುವ 'ನಾಟ್ ನಲ್' ಪರೀಕ್ಷೆಯನ್ನೂ ಜೊತೆಗೆ ಹಾಕಲೇಬೇಕು. ಮಾರ್ಗದರ್ಶಿ ಪುಟಗಳನ್ನು ಅವಸರದಲ್ಲಿ ಓದುವವರು ಇದನ್ನು ಸುಲಭವಾಗಿ ತಪ್ಪಿಸಿಕೊಳ್ಳುತ್ತಾರೆ.

ಮೊದಲು ಕೋಷ್ಟಕ ಕಟ್ಟುವ 'ರನ್' ಮತ್ತು ಪರೀಕ್ಷೆ ನಡೆಸುವ 'ಟೆಸ್ಟ್' ಎಂಬ ಎರಡು ಆಜ್ಞೆಗಳನ್ನು ಒಂದರ ನಂತರ ಒಂದರಂತೆ ಕೊಡುತ್ತಿದ್ದೆ. ಆಗ ಪರೀಕ್ಷೆ ವಿಫಲವಾಗುವಷ್ಟರಲ್ಲಿ ತಪ್ಪು ದರ ವರದಿಯ ಕೋಷ್ಟಕವನ್ನು ಸೇರಿಬಿಟ್ಟಿರುತ್ತಿತ್ತು. ಈಗ ಎರಡನ್ನೂ ಸೇರಿಸಿ ಮಾಡುವ 'ಡಿಬಿಟಿ ಬಿಲ್ಡ್' ಒಂದನ್ನೇ ಬಳಸುತ್ತೇನೆ. ಮೂಲ ಕೋಷ್ಟಕದ ಪರೀಕ್ಷೆ ವಿಫಲವಾದರೆ ಅದನ್ನು ಅವಲಂಬಿಸಿದ ಕೋಷ್ಟಕಗಳನ್ನು ಅದು ಕಟ್ಟುವುದಿಲ್ಲ. ಹಾಗಾದಾಗ ಹಳೆಯ ಅಂಕಿಗಳೇ ಉಳಿಯುವುದರಿಂದ, ವರದಿಯ ತಲೆಯಲ್ಲಿ ಕೊನೆಯ ವಹಿವಾಟಿನ ದಿನಾಂಕವನ್ನು ತೋರಿಸುವುದು ಅವಶ್ಯ.

ತಳಿಯ ಹೆಸರನ್ನು ಹಮಾಲರು, ಗುಮಾಸ್ತರು ಬರೆಯುವ ಬೇರೆ ಬೇರೆ ರೂಪಗಳ ಪಟ್ಟಿಯನ್ನು ಸಿಎಸ್‌ವಿ ಕಡತವಾಗಿ ಇಟ್ಟು, ಸೀಡ್ ಆಗಿ, ಅಂದರೆ ಡಿಬಿಟಿ ನೇರವಾಗಿ ಕೋಷ್ಟಕ ಮಾಡಿಕೊಳ್ಳುವ ಪಟ್ಟಿಯಾಗಿ, ಸೇರಿಸಿದ್ದೇನೆ. ಹೊಸ ರೂಪ ಕಂಡ ದಿನ ದಿವಾನಜಿಯವರೇ ಅದಕ್ಕೆ ಒಂದು ಸಾಲು ಸೇರಿಸಿ ಕಳಿಸುತ್ತಾರೆ. ನಾನು ಓದಿ ನೋಡಿ, ಬಿಲ್ಡ್ ಮಾಡಿ, ದಾಖಲಿಸುತ್ತೇನೆ.