ಅಂಗಡಿ ಲೆಕ್ಕ ಸಿಡಿಲಿಗೂ ಸಿಗಬಾರದು, ಕಳ್ಳರಿಗೂ ಸಿಗಬಾರದು

ಏಪ್ರಿಲ್ ಕೊನೆಯ ಒಂದು ಸಂಜೆ. ಶಿವಮೊಗ್ಗದಲ್ಲಿ ನಾನು ಲೆಕ್ಕ ಬರೆಯುವ ಅಡಿಕೆ ಮಂಡಿಯಲ್ಲಿ ಕೆಲಸ ಮುಗಿಸಿ, ಷಟರ್ ಎಳೆದು ಮನೆಗೆ ಬಂದೆ. ರಾತ್ರಿ ಗುಡುಗು ಮಳೆ. ಬೆಳಿಗ್ಗೆ ಹೋಗಿ ಬಾಗಿಲು ತೆಗೆದರೆ ಸುಟ್ಟ ಪ್ಲಾಸ್ಟಿಕ್ ವಾಸನೆ. ರೂಟರ್ ಕಪ್ಪಗಾಗಿತ್ತು, ಅದರ ವೈರ್ ಹಿಡಿದು ಸಿಡಿಲು ಕಂಪ್ಯೂಟರಿಗೂ ಬಂದಿತ್ತು. ಸಾಹುಕಾರರು ಕೇಳಿದ್ದು ಒಂದೇ ಮಾತು: "ಬ್ಯಾಕಪ್ ಇದೆಯಲ್ಲ ಮಾರಾಯ್ರೆ?"

ಇತ್ತು. ದಿನಾ ಸಂಜೆ ತಪ್ಪದೆ ಲೆಕ್ಕದ ಇನ್ನೊಂದು ಪ್ರತಿ ತೆಗೆಯುತ್ತಿದ್ದೆ. ಆದರೆ ಆ ಹಾರ್ಡ್ ಡಿಸ್ಕ್ ಅದೇ ಕಂಪ್ಯೂಟರಿನ ಬೆನ್ನಿಗೆ ಚುಚ್ಚಿಕೊಂಡೇ ಇತ್ತು. ಅದೂ ಹೋಯಿತು.

ಆಡಿಟರಿಗೆ ಕೊಡಲು ಮಾರ್ಚ್ ಕೊನೆಗೆ ತೆಗೆದಿದ್ದ ಒಂದು ಪ್ರತಿ ನನ್ನ ಲ್ಯಾಪ್‌ಟಾಪಿನಲ್ಲಿ ಉಳಿದಿತ್ತು, ಅದರಿಂದ ಬಚಾವ್. ಏಪ್ರಿಲ್‌ನ ಅಷ್ಟೂ ಎಂಟ್ರಿಯನ್ನು ರೈತರಿಗೆ ಕೊಟ್ಟ ಪಟ್ಟಿಗಳ, ಅಂದರೆ ಮಾರಾಟದ ಬಿಲ್ಲುಗಳ, ಕಾರ್ಬನ್ ಪ್ರತಿ ನೋಡಿ ಮತ್ತೆ ಹೊಡೆದೆವು. ಅಡಿಕೆಯ ಬಗೆಗಳಲ್ಲಿ ರಾಶಿ ಎಷ್ಟು ಮೂಟೆ, ಬೆಟ್ಟೆ ಎಷ್ಟು, ಗೊರಬಲು ಎಷ್ಟು, ಮುಂಗಡ ಎಷ್ಟು ಮುರಿದುಕೊಂಡಿದ್ದು. ಕಾರ್ಬನ್ ಮಾಸಿದ ಕಡೆ ಮೂರೋ ಎಂಟೋ ಗೊತ್ತಾಗದೆ, ರೈತರಿಗೇ ಫೋನ್ ಮಾಡಿ "ನಿಮ್ಮ ಹತ್ತಿರ ಇರುವ ಪಟ್ಟಿ ಸ್ವಲ್ಪ ಓದಿ ಹೇಳ್ತೀರಾ" ಅಂತ ಕೇಳುವ ಪರಿಸ್ಥಿತಿ. ನಮ್ಮ ಲೆಕ್ಕ ನಾವೇ ಅವರನ್ನು ಕೇಳುವುದು ಅಂದರೆ ಎಂಥ ಮುಜುಗರ ಅಂತ ಮಂಡಿಯಲ್ಲಿ ಕೂತವರಿಗೆ ಗೊತ್ತು.

ಅವತ್ತು ನನಗೆ ಅರ್ಥವಾಗಿದ್ದು ಇಷ್ಟು. ಬ್ಯಾಕಪ್ ಇದೆಯಾ ಅನ್ನುವುದು ಪ್ರಶ್ನೆಯೇ ಅಲ್ಲ. ಕಂಪ್ಯೂಟರಿಗೆ ಏನಾಗುತ್ತದೋ ಅದು ಬ್ಯಾಕಪ್‌ಗೂ ಆಗುತ್ತದಾ, ಅದು ಪ್ರಶ್ನೆ. ಕಂಪ್ಯೂಟರಿನಿಂದ ಕಿತ್ತು ಬೇರೆ ಕಡೆ ಇಟ್ಟ ಪ್ರತಿ ಸಿಡಿಲಿಗೂ ಸಿಗುವುದಿಲ್ಲ, ರ‍್ಯಾನ್ಸಮ್‌ವೇರ್‌ಗೂ ಸಿಗುವುದಿಲ್ಲ. ಫೈಲ್‌ಗಳಿಗೆ ಬೀಗ ಹಾಕಿ, ಕೀಲಿ ಬೇಕಾದರೆ ದುಡ್ಡು ಕೊಡಿ ಅನ್ನುವ ಆ ವೈರಸ್ ಕೂಡ ಕಂಪ್ಯೂಟರಿಗೆ ಚುಚ್ಚಿರುವ ಡಿಸ್ಕನ್ನೂ, ನೆಟ್‌ವರ್ಕ್‌ನಲ್ಲಿ ಹಂಚಿಕೊಂಡ ಫೋಲ್ಡರನ್ನೂ ಹುಡುಕಿಕೊಂಡು ಹೋಗುತ್ತದೆ.

ಮೊದಲು ಒಂದು ಹಾಳೆ ತೆಗೆದುಕೊಂಡು, ಏನು ಹೋದರೆ ನಾಳೆ ಅಂಗಡಿ ನಡೆಯುವುದಿಲ್ಲ ಅಂತ ಬರೆಯಿರಿ. ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯ ಫೋಲ್ಡರ್ ಎಲ್ಲರೂ ಬರೆಯುತ್ತಾರೆ. ಮರೆಯುವುದು ಬೇರೆ: ಆರ್ಡರ್ ಬರುವ ವಾಟ್ಸಾಪ್, ಗಿರಾಕಿಗಳ ನಂಬರ್ ಇರುವ ಆ ಒಂದೇ ಫೋನು, ಜಿಎಸ್‌ಟಿ ಲಾಗಿನ್, ಎಲ್ಲ ಓಟಿಪಿ ಬರುವ ಸಿಮ್, ಸ್ಕ್ಯಾನ್ ಮಾಡಿಟ್ಟ ಬಿಲ್ಲುಗಳು. ಜಿಎಸ್‌ಟಿ ಕಾನೂನಿನ ಪ್ರಕಾರ ಆ ವರ್ಷದ ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಇಟ್ಟುಕೊಳ್ಳಬೇಕು. "ಹಳೇದು ಹೋದರೆ ಹೋಗಲಿ" ಅನ್ನುವಂತಿಲ್ಲ.

ಈಗ ಬ್ಯಾಕಪ್. ಪೀಟರ್ ಕ್ರೋಗ್ ಅನ್ನುವ ಫೋಟೋಗ್ರಾಫರ್ ತಮ್ಮ ಫೋಟೋ ಕಾಯಲು ಹೇಳಿದ 3-2-1 ಸೂತ್ರ ಇವತ್ತು ದೊಡ್ಡ ದೊಡ್ಡ ಕಂಪನಿಗಳಲ್ಲೂ ನಡೆಯುತ್ತದೆ. ಒಟ್ಟು 3 ಪ್ರತಿ, 2 ಬಗೆಯ ಜಾಗದಲ್ಲಿ, 1 ಪ್ರತಿ ಅಂಗಡಿಯ ಹೊರಗೆ. ನಾನು ಮಾಡಿಕೊಂಡಿದ್ದು ಹೀಗೆ: ಎರಡು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಂದು, ಒಂದರ ಮೇಲೆ ಮಾರ್ಕರ್‌ನಲ್ಲಿ ತುಂಗಾ, ಇನ್ನೊಂದರ ಮೇಲೆ ಭದ್ರಾ ಅಂತ ಬರೆದೆ. ತುಂಗಾ ನನ್ನ ಮನೆಯಲ್ಲಿ, ಭದ್ರಾ ಸಾಹುಕಾರರ ಮನೆಯಲ್ಲಿ. ಸೋಮವಾರ, ಗುರುವಾರ ತುಂಗಾ ಮಂಡಿಗೆ ಬರುತ್ತದೆ. ಮಂಗಳವಾರ, ಶುಕ್ರವಾರ ಭದ್ರಾ. ಚುಚ್ಚು, ಬ್ಯಾಕಪ್ ತೆಗೆ, ಕಿತ್ತು ಚೀಲಕ್ಕೆ ಹಾಕು. ನದಿಗಳೇನೋ ಕೂಡಲಿಯಲ್ಲಿ ಸೇರುತ್ತವೆ, ನನ್ನ ಡಿಸ್ಕ್‌ಗಳು ಮಾತ್ರ ಯಾವತ್ತೂ ಒಂದು ಕಡೆ ಸೇರಬಾರದು. ಡಿಸ್ಕ್ ಬಸ್ಸಿನಲ್ಲಿ ಮರೆತುಹೋದರೆ ಊರಿನ ಲೆಕ್ಕವೆಲ್ಲ ಬೇರೆಯವರ ಕೈಗೆ ಹೋಗುತ್ತದೆ. ಹಾಗಾಗಿ ಅದಕ್ಕೆ ಪಾಸ್‌ವರ್ಡ್ ಬೀಗ ಹಾಕಿ. ವಿಂಡೋಸ್ ಪ್ರೊ ಇದ್ದವರಿಗೆ ಬಿಟ್‌ಲಾಕರ್ ಇದೆ. ಅದರ ರಿಕವರಿ ಕೀಲಿಯನ್ನು ಕಾಗದದಲ್ಲಿ ಬರೆದು ತಿಜೋರಿಯಲ್ಲಿ ಇಡಿ, ಅದೇ ಕಂಪ್ಯೂಟರಿನಲ್ಲಿ ಇಟ್ಟರೆ ಏನೂ ಪ್ರಯೋಜನ ಇಲ್ಲ.

ಪ್ರತಿ ಸಲವೂ ತಾರೀಖು ಹಾಕಿದ ಹೊಸ ಫೋಲ್ಡರ್ ಮಾಡಿ. ಹಳೆಯದರ ಮೇಲೇ ಬರೆದರೆ, ಮೂರು ವಾರದ ಹಿಂದೆ ಯಾರೋ ಒಂದು ಲೆಡ್ಜರ್ ಕೆಡಿಸಿದ್ದು ಇವತ್ತು ಗೊತ್ತಾದಾಗ ಹಿಂದಕ್ಕೆ ಹೋಗಲು ದಾರಿಯೇ ಇರುವುದಿಲ್ಲ. ನಿಜ ಹೇಳಬೇಕೆಂದರೆ ಹ್ಯಾಕರ್‌ಗಳಿಗಿಂತ ಜಾಸ್ತಿ ಡೇಟಾವನ್ನು ನಮ್ಮ ಕೈಯೇ ಅಳಿಸಿದ್ದನ್ನು ನಾನು ನೋಡಿದ್ದೇನೆ.

ಗೂಗಲ್ ಡ್ರೈವ್‌ಗೂ ಒಂದು ಪ್ರತಿ ಹೋಗಲಿ. ಉಚಿತ ಖಾತೆಯಲ್ಲಿ 15 ಜಿಬಿ ಸಿಗುತ್ತದೆ, ಟ್ಯಾಲಿ ಬ್ಯಾಕಪ್ಪಿಗೆ ಸಣ್ಣ ಅಂಗಡಿಗೆ ಸಾಕು. ಆದರೆ ಇಲ್ಲೊಂದು ಮೋಸ ಇದೆ. ಕಂಪ್ಯೂಟರಿನ ಫೋಲ್ಡರ್ ತನ್ನಷ್ಟಕ್ಕೆ ಡ್ರೈವ್‌ಗೆ ಹೋಗುವುದು ಸಿಂಕ್, ಅದು ಬ್ಯಾಕಪ್ ಅಲ್ಲ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ, ಇಲ್ಲಿ ವೈರಸ್ ಬೀಗ ಹಾಕಿದರೆ ಬೀಗ ಹಾಕಿದ ಫೈಲೇ ಮೇಲೆ ಹೋಗಿ ಕೂರುತ್ತದೆ. ಹಳೆಯ ಆವೃತ್ತಿಗಳನ್ನು ಡ್ರೈವ್ ಸಾಮಾನ್ಯವಾಗಿ 30 ದಿನ ಇಟ್ಟುಕೊಳ್ಳುತ್ತದೆ, ಅಷ್ಟರೊಳಗೆ ಕಂಡುಹಿಡಿದರೆ ಪುಣ್ಯ. ಟ್ಯಾಲಿ ಓಡುತ್ತಿರುವ ಫೋಲ್ಡರನ್ನೇ ಸಿಂಕ್‌ಗೆ ಹಾಕಲೇಬೇಡಿ, ಡೇಟಾ ಕೆಡುತ್ತದೆ. ಬ್ಯಾಕಪ್ ಫೈಲನ್ನು ಮಾತ್ರ ಕೈಯಾರೆ ಏರಿಸಿ.

ಇನ್ನು ಎಲ್ಲರೂ ಬಿಟ್ಟುಬಿಡುವ ಕೆಲಸ: ಬ್ಯಾಕಪ್ ತೆರೆದು ನೋಡುವುದು. ತಿಂಗಳಿಗೊಮ್ಮೆ, ಅರ್ಧ ಗಂಟೆ. ಟ್ಯಾಲಿ ಪ್ರೈಮ್‌ನಲ್ಲಿ ಆಲ್ಟ್ ಜೊತೆ ವೈ ಒತ್ತಿದರೆ ಡೇಟಾ ಮೆನು ಬರುತ್ತದೆ, ಬ್ಯಾಕಪ್ಪೂ, ಅದನ್ನು ವಾಪಸ್ ತುಂಬುವ ರಿಸ್ಟೋರೂ ಅಲ್ಲೇ. ರಿಸ್ಟೋರ್ ಒತ್ತುವ ಮೊದಲು ಒಂದು ಕ್ಷಣ ನಿಲ್ಲಿ. ಎಲ್ಲಿಗೆ ರಿಸ್ಟೋರ್ ಮಾಡಬೇಕು ಅಂತ ಕೇಳುವ ಜಾಗದಲ್ಲಿ ಈಗ ನಡೆಯುತ್ತಿರುವ ಡೇಟಾದ ಫೋಲ್ಡರ್ ಇದ್ದರೆ, ಹಳೆಯದು ಬಂದು ಇವತ್ತಿನದರ ಮೇಲೆ ಕೂರುತ್ತದೆ. ಪರೀಕ್ಷೆ ಮಾಡಲು ಹೋಗಿ ಒಂದು ದಿನದ ಲೆಕ್ಕ ಕಳೆದುಕೊಂಡವರಿದ್ದಾರೆ. "ಪರೀಕ್ಷೆ" ಅಂತ ಬೇರೆ ಫೋಲ್ಡರ್ ಮಾಡಿ ಅದನ್ನು ತೋರಿಸಿ, ಸಾಧ್ಯವಾದರೆ ಬೇರೆ ಕಂಪ್ಯೂಟರಿನಲ್ಲೇ ಮಾಡಿ. ತೆರೆದ ಮೇಲೆ ಸುಮ್ನೆ ಹೆಸರು ನೋಡಿ ಮುಚ್ಚಬೇಡಿ. ಟ್ರಯಲ್ ಬ್ಯಾಲೆನ್ಸ್ ನೋಡಿ, ಕೊನೆಯ ಪಟ್ಟಿ ನಂಬರ್ ನೋಡಿ, ಒಬ್ಬ ರೈತರ ಖಾತೆ ತೆಗೆದು ಬಾಕಿ ತಾಳೆ ಹಾಕಿ. ಡೇಟಾಗೆ ಬೀಗ ಹಾಕುವ ಟ್ಯಾಲಿ ವಾಲ್ಟ್ ಪಾಸ್‌ವರ್ಡ್ ಹಾಕಿದ್ದರೆ ಅದು ನೆನಪಿದೆಯಾ ಅಂತಲೂ ಆಗಲೇ ಗೊತ್ತಾಗುತ್ತದೆ. ಮರೆತರೆ ಆ ಡೇಟಾ ತೆರೆಯಲು ಬೇರೆ ದಾರಿ ಇಲ್ಲ.

ಕಳ್ಳರು ಬರುವ ಬಾಗಿಲುಗಳ ಬಗ್ಗೆ. ನಮ್ಮ ಕಡೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಯಾವಾಗ ಹೊಡೆಯುತ್ತೇವೆ? ಮಳೆ ಹಿಡಿಯುವ ಮುಂಚೆ, ಅಲ್ವಾ. ಕಾಯಿ ಉದುರಲು ಶುರುವಾದ ಮೇಲೆ ಏಣಿ ತಂದರೆ ಯಾರಿಗೆ ಬೇಕು. ವಿಂಡೋಸ್ ಅಪ್‌ಡೇಟ್ ಕೂಡ ಹಾಗೇ. 2017ರ ಮೇ 12ಕ್ಕೆ ವಾನಾಕ್ರೈ ಅನ್ನುವ ರ‍್ಯಾನ್ಸಮ್‌ವೇರ್ ಸುಮಾರು 150 ದೇಶಗಳಿಗೆ ಹರಡಿತು, ಎರಡು ಲಕ್ಷಕ್ಕೂ ಜಾಸ್ತಿ ಕಂಪ್ಯೂಟರ್ ಕಟ್ಟಿಹಾಕಿತು. ಅದು ನುಗ್ಗಿದ ತೂತನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಆ ಮಾರ್ಚ್‌ನಲ್ಲೇ ಬಿಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ವಿಂಡೋಸ್ 7ರ ಬೆಂಬಲ 2020ರ ಜನವರಿಯಲ್ಲೇ ಮುಗಿದಿದೆ, ವಿಂಡೋಸ್ 10ರದ್ದು 2025ರ ಅಕ್ಟೋಬರ್ 14ಕ್ಕೆ. "ಓಡ್ತಾ ಇದೆಯಲ್ಲ" ಅಂತ ಹಳೆಯ ಮೆಷಿನ್ ಇಟ್ಟುಕೊಂಡಿದ್ದರೆ ಅದಕ್ಕೆ ಇಂಟರ್ನೆಟ್ ಕೊಡಬೇಡಿ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಬಗ್ಗೆ ನಾನು ಉಪದೇಶ ಮಾಡುವುದಿಲ್ಲ. ಆದರೆ ಕ್ರ್ಯಾಕ್ ಹಾಕುವಾಗ "ಮೊದಲು ಆಂಟಿವೈರಸ್ ಆಫ್ ಮಾಡಿ" ಅಂತ ಯಾಕೆ ಹೇಳುತ್ತಾರೆ ಅಂತ ಒಮ್ಮೆ ಯೋಚಿಸಿ.

ನನಗೆ ಪರಿಚಯದ ಒಬ್ಬರ ಅಂಗಡಿಗೆ ವೈರಸ್ ಬಂದಿದ್ದು ಇನ್ನೊಂದು ದಾರಿಯಲ್ಲಿ. ಮನೆಯಿಂದಲೇ ಟ್ಯಾಲಿ ನೋಡಬೇಕು ಅಂತ ರಿಮೋಟ್ ಡೆಸ್ಕ್‌ಟಾಪ್ ಹಾಕಿಸಿಕೊಂಡಿದ್ದರು. ಹಾಕಿಕೊಟ್ಟವನು ರೂಟರಿನಲ್ಲಿ 3389 ಪೋರ್ಟನ್ನು ಇಡೀ ಜಗತ್ತಿಗೆ ತೆರೆದಿಟ್ಟು ಹೋಗಿದ್ದ, ಪಾಸ್‌ವರ್ಡ್ ಅಂಗಡಿ ಹೆಸರಿನ ಮುಂದೆ 123. ಇಂಥ ತೆರೆದ ಬಾಗಿಲನ್ನು ಹುಡುಕುವುದು ಮನುಷ್ಯರಲ್ಲ, ಪ್ರೋಗ್ರಾಮ್‌ಗಳು. ಹಗಲು ರಾತ್ರಿ ಪಾಸ್‌ವರ್ಡ್ ಪ್ರಯತ್ನಿಸುತ್ತಲೇ ಇರುತ್ತವೆ. ಹಬ್ಬದ ರಜೆ ಮುಗಿಸಿ ಬಂದು ನೋಡಿದರೆ ಎಲ್ಲ ಫೈಲ್‌ಗಳ ಹೆಸರಿಗೂ ಒಂದು ವಿಚಿತ್ರ ಬಾಲ, ಡೆಸ್ಕ್‌ಟಾಪಿನಲ್ಲಿ ದುಡ್ಡು ಕೇಳುವ ಒಂದು ಚೀಟಿ. ನಿಮ್ಮ ರೂಟರ್ ಹಾಕಿದವರನ್ನು ಇವತ್ತೇ ಕೇಳಿ, ಯಾವುದಾದರೂ ಪೋರ್ಟ್ ಹೊರಗೆ ತೆರೆದಿದೆಯಾ ಅಂತ. ತೆರೆದಿದ್ದರೆ ಮುಚ್ಚಿಸಿ. ದೂರದವರು ನಿಮ್ಮ ಕಂಪ್ಯೂಟರ್ ನಡೆಸಲು ಬಿಡುವ ಎನಿಡೆಸ್ಕ್ ತರದ ಆಪ್‌ಗಳನ್ನು ಕೆಲಸ ಮುಗಿದ ಕೂಡಲೇ ಮುಚ್ಚಿ, ಬ್ಯಾಂಕಿನವರು ಅಂತ ಫೋನ್ ಮಾಡಿ ಹಾಕಿಸುವವರಿಗಂತೂ ಹಾಕಬೇಡಿ.

ವಾಟ್ಸಾಪ್‌ನಲ್ಲಿ ಗಾಡಿ ಚಲನ್, ಮದುವೆ ಕರೆಯೋಲೆ ಅಂತ ಬರುವ ಎಪಿಕೆ ಫೈಲ್ ಒತ್ತಬೇಡಿ. ಅದು ಫೋಟೋ ಅಲ್ಲ, ಆಪ್. ಫೋನಿನೊಳಗೆ ಕೂತು ಎಸ್‌ಎಂಎಸ್ ಓದುತ್ತದೆ, ಓಟಿಪಿ ಕಳ್ಳರಿಗೆ ಹೋಗುತ್ತದೆ. ಕಂಪ್ಯೂಟರಿನಲ್ಲಿ ಫೈಲ್ ಎಕ್ಸ್‌ಟೆನ್ಶನ್, ಅಂದರೆ ಹೆಸರಿನ ಕೊನೆಯ ಬಾಲ, ಕಾಣುವಂತೆ ಮಾಡಿ, ಆಗ ಪಿಡಿಎಫ್ ವೇಷದ ಇಎಕ್ಸ್‌ಇ ಪ್ರೋಗ್ರಾಮ್ ಸಿಕ್ಕಿಬೀಳುತ್ತದೆ. ದಿನದ ಕೆಲಸಕ್ಕೆ ಅಡ್ಮಿನ್ ಅಲ್ಲದ ಸಾಧಾರಣ ಖಾತೆ ಬಳಸಿ. ಸರಕು ಕೊಡುವವರು "ಬ್ಯಾಂಕ್ ಖಾತೆ ಬದಲಾಗಿದೆ" ಅಂತ ಮೇಲ್ ಹಾಕಿದರೆ, ನಿಮ್ಮಲ್ಲಿ ಮೊದಲಿಂದ ಇರುವ ನಂಬರಿಗೆ ಫೋನ್ ಮಾಡಿ ಕೇಳಿ.

ಪಾಸ್‌ವರ್ಡ್ ಉದ್ದ ಇರಲಿ, ಒಂದೊಂದಕ್ಕೂ ಬೇರೆ ಇರಲಿ, ಜಿಮೇಲ್‌ಗೆ ಎರಡು ಹಂತದ ಪರಿಶೀಲನೆ ಹಾಕಿ. ಕೆಲಸದ ಹುಡುಗ ಬಿಟ್ಟು ಹೋದ ದಿನವೇ ಎಲ್ಲ ಬದಲಿಸಿ. ಅವನ ಮೇಲೆ ಅನುಮಾನ ಇದೆ ಅಂತಲ್ಲ, ಅಂಗಡಿ ಬೀಗದ ಕೈ ವಾಪಸ್ ಇಸಿದುಕೊಳ್ಳುವುದಿಲ್ಲವಾ, ಹಾಗೆ.

ಮಲೆನಾಡಿಗೆ ಸೇರಿದ ಒಂದೆರಡು ಮಾತು. ಗುಡುಗು ಶುರುವಾದರೆ ಸ್ವಿಚ್ ಆಫ್ ಸಾಲದು, ಪ್ಲಗ್ಗನ್ನೇ ಕೀಳಿ, ರೂಟರಿನಿಂದ ಬರುವ ವೈರನ್ನೂ ಕೀಳಿ. ಮೋಡ ಕಟ್ಟಿದಾಗಲೇ ಮಾಡಿ, ಮಿಂಚು ತಲೆ ಮೇಲೆ ಬಂದ ಮೇಲೆ ವೈರ್ ಮುಟ್ಟಲು ಹೋಗಬೇಡಿ. ಫೈಬರ್‌ನ ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ ನಿಜ, ಆದರೆ ಅದರ ಡಬ್ಬಿಯ ಅಡಾಪ್ಟರ್ ಗೋಡೆಗೇ ತಾನೇ ಚುಚ್ಚಿರುವುದು. ಯುಪಿಎಸ್ ಇದ್ದರೂ ಅರ್ತಿಂಗ್ ಸರಿ ಇಲ್ಲದಿದ್ದರೆ ಸಿಡಿಲಿಗೆ ಉಪಯೋಗವಿಲ್ಲ. ಯುಪಿಎಸ್ ಇರುವುದು ಎಂಟ್ರಿ ಮಧ್ಯೆ ಕರೆಂಟ್ ಹೋದಾಗ ಟ್ಯಾಲಿ ಸರಿಯಾಗಿ ಮುಚ್ಚುವುದಕ್ಕೆ. ಆಗುಂಬೆ, ಹೊಸನಗರದ ಕಡೆಯವರಿಗೆ ಹೇಳಬೇಕಾಗಿಲ್ಲ, ಜುಲೈನಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ. ಡಿಸ್ಕನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಇಡಿ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನುಗ್ಗಿದ್ದನ್ನು ನೋಡಿದವರು ಸಿಪಿಯುವನ್ನು ನೆಲದ ಮೇಲೆ ಇಡುವುದಿಲ್ಲ.

ಇಷ್ಟಾದರೂ ಪರದೆಯ ಮೇಲೆ ದುಡ್ಡು ಕೇಳುವ ಆ ಚೀಟಿ ಬಂದೇ ಬಂತು ಅಂತಿಟ್ಟುಕೊಳ್ಳಿ. ಮೊದಲು ನೆಟ್‌ವರ್ಕ್ ವೈರ್ ಕಿತ್ತು ವೈಫೈ ಆಫ್ ಮಾಡಿ, ಬೇರೆ ಕಂಪ್ಯೂಟರಿಗೆ ಹರಡದಿರಲಿ. ಚೀಟಿಯ ಫೋಟೋ ತೆಗೆಯಿರಿ. ದುಡ್ಡು ಕೊಟ್ಟರೆ ಫೈಲ್ ಬರುತ್ತದೆ ಅನ್ನುವುದಕ್ಕೆ ಯಾವ ಗ್ಯಾರಂಟಿಯೂ ಇಲ್ಲ. ಬ್ಯಾಂಕ್ ಖಾತೆಯಿಂದ ದುಡ್ಡು ಹೋಗಿದ್ದರೆ ಮರುಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ತಡವಾದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ಹಾರುತ್ತದೆ. ದೂರನ್ನು ಕೇಂದ್ರದ ಸೈಬರ್‌ಕ್ರೈಮ್ ಪೋರ್ಟಲ್‌ನಲ್ಲೂ, ಸೈಬರ್ ಅಪರಾಧ ನೋಡುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಯಲ್ಲೂ ಕೊಡಬಹುದು. ಕಂಪನಿ, ಸಂಸ್ಥೆಗಳಾದರೆ 2022ರ ನಿರ್ದೇಶನದ ಪ್ರಕಾರ ಗೊತ್ತಾದ 6 ಗಂಟೆಯೊಳಗೆ ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು. ಕೆಲವು ಹಳೆಯ ರ‍್ಯಾನ್ಸಮ್‌ವೇರ್‌ಗಳ ಕೀಲಿ "ನೋ ಮೋರ್ ರ‍್ಯಾನ್ಸಮ್" ಅನ್ನುವ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್, ಡಚ್ ಪೊಲೀಸರು ಸೇರಿ 2016ರಲ್ಲಿ ಶುರು ಮಾಡಿದ್ದು, ಒಮ್ಮೆ ಹುಡುಕಿ ನೋಡಿ. ಹಾಗಾಗಿ ಕೆಟ್ಟ ಫೈಲ್‌ಗಳನ್ನು ಅಳಿಸುವ ಮೊದಲು ಒಂದು ಕಡೆ ತೆಗೆದಿಡಿ.

ಆಮೇಲೆ ಕಂಪ್ಯೂಟರನ್ನು ಪೂರ್ತಿ ಅಳಿಸಿ, ವಿಂಡೋಸ್ ಹೊಸದಾಗಿ ಹಾಕಿಸಿ, ಅಪ್‌ಡೇಟ್ ಮಾಡಿ, ಪಾಸ್‌ವರ್ಡ್ ಎಲ್ಲ ಬದಲಿಸಿ. ಇದೆಲ್ಲ ಮುಗಿದ ಮೇಲೆ ಡಿಸ್ಕ್ ತನ್ನಿ. ರೈತರು ಪಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ ಅಂತ ಗಡಿಬಿಡಿಯಲ್ಲಿ ತುಂಗಾ, ಭದ್ರಾ ಎರಡನ್ನೂ ಒಟ್ಟಿಗೆ ಚುಚ್ಚಿಬಿಟ್ಟೀರಿ ಮತ್ತೆ. ಒಂದು ಮನೆಯಲ್ಲೇ ಇರಲಿ.